ನಾಲ್ಕನೇ ಬಾಯಿಯ ಬೆಸುಗೆ

ಆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಹದಿನೈದು ನಿಮಿಷ ಇರುವಾಗ ನಾನು ಪರೀಕ್ಷೆಯ ಹಾಳೆಯ ಮೇಲೆ ಮೂವತ್ತಮೂರು ಎಂದು ಬರೆದೆ. ಅರ್ಧ ಗಂಟೆ ಹಿಂದೆ ಅದರ ಪಕ್ಕದ ಚೌಕದಲ್ಲಿ ಬರೆದದ್ದೂ ಮೂವತ್ತಮೂರೇ. ಮೊದಲ ಸಲ ಬರೆದದ್ದು ನಿಜ, ಎರಡನೇ ಸಲ ಬರೆದದ್ದು ಸುಳ್ಳು. ಇದನ್ನು ಇಷ್ಟು ಸಲೀಸಾಗಿ ಹೇಳಲು ನನಗೆ ಬಹಳ ದಿನ ಹಿಡಿದವು. ಆ ದಿನಗಳಲ್ಲಿ ಅದರ ಫಲ ಅನುಭವಿಸಿದವರು ನಾನಲ್ಲ, ಬೇರೊಬ್ಬರು.

ಬಾಗಲಕೋಟೆಯ ನವನಗರ ದಾಟಿದರೆ ಸಿಗುವ ಕಾರ್ಖಾನೆ ಶೆಡ್ಡುಗಳಲ್ಲಿ ನಮ್ಮದೂ ಒಂದು. ಹದಿನೆಂಟು ಮಂದಿ ಕೆಲಸಗಾರರು, ಮೂರು ಲೇತು, ಒಂದು ಮಿಲ್ಲಿಂಗ್ ಯಂತ್ರ, ಅಲ್ಯೂಮಿನಿಯಂ ಬೆಸೆಯಲು ಪರದೆ ಕಟ್ಟಿದ ಒಂದು ಮೂಲೆ. ಸಕ್ಕರೆ ಕಾರ್ಖಾನೆಗಳಿಗೆ ಪಂಪಿನ ಭಾಗ, ಸಿಮೆಂಟು ಕಾರ್ಖಾನೆಗಳಿಗೆ ಶಾಫ್ಟು ಮಾಡಿಕೊಂಡಿದ್ದ ನಮಗೆ ಒಂದು ದೊಡ್ಡ ಕಂಪನಿಯ ಮೂಲಕ ವಿಮಾನದ ಕೆಲಸ ಬಂತು. ರಾಡಾರಿನ ಕಣ್ಣಿಗೆ ಸುಲಭಕ್ಕೆ ಬೀಳದಂಥ ಯುದ್ಧವಿಮಾನ. ಯಾವ ದೇಶದ್ದು, ಎಷ್ಟಿವೆ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಲೇತಿನವರು ಮೊದಲ ದಿನವೇ ಅದಕ್ಕೆ ಕಳ್ಳ ಇಮಾನ ಎಂದು ಹೆಸರಿಟ್ಟುಬಿಟ್ಟರು.

ಆ ವಿಮಾನ ಇಂಧನವನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಳ್ಳುತ್ತದೆ, ಹೀಗಾಗಿ ಬಹಳ ದೂರ ಹೋಗಲಾರದು. ರೆಕ್ಕೆಯ ಕೆಳಗೆ ಟ್ಯಾಂಕು ತೂಗುಹಾಕಿದರೆ ದೂರ ಹೋಗುತ್ತದೆ, ಆದರೆ ರಾಡಾರಿಗೆ ಕಾಣಿಸಿಕೊಳ್ಳುತ್ತದೆ. ಅದಕ್ಕಾಗಿ ಬೇರೆಯೇ ಆಕಾರದ, ಮೈಗೆಲ್ಲ ವಿಶೇಷ ಲೇಪ ಬಳಿದ ಟ್ಯಾಂಕನ್ನು ತಯಾರಿಸುತ್ತಿದ್ದರು. ಅದರ ಜೊತೆಗೇ, ಎದುರಿನ ವಿಮಾನದ ಬಿಸಿಯನ್ನು ದೂರದಿಂದಲೇ ಗುರುತಿಸುವ ಇನ್‌ಫ್ರಾರೆಡ್ ಸಂವೇದಕವನ್ನೂ ಕೂರಿಸುವ ಯೋಜನೆ. ನಮ್ಮ ಪಾಲಿಗೆ ಬಂದದ್ದು ಟ್ಯಾಂಕಿನ ಬೆನ್ನಿನ ಮೇಲೆ ನಡುವೆ ಕೂರುವ ಒಂದು ಅಲ್ಯೂಮಿನಿಯಂ ಪೆಟ್ಟಿಗೆ. ಹಾಲಿನ ಕ್ಯಾನಿನಷ್ಟು ಗಾತ್ರ, ಅದಕ್ಕೆ ಬೆಸೆದ ನಾಲ್ಕು ಕೊಳವೆ ಬಾಯಿಗಳು. ಟ್ಯಾಂಕಿನ ಇಂಧನವೆಲ್ಲ ಅದರೊಳಗಿಂದ ಹಾದೇ ರೆಕ್ಕೆಗೆ ಏರಬೇಕು. ಒಟ್ಟು ನಾಲ್ಕು ಪೆಟ್ಟಿಗೆ ಮಾಡಿಕೊಡಬೇಕಿತ್ತು. ಮೊದಲನೆಯದು ನೆಲದ ಮೇಲಿನ ಪ್ರಯೋಗಕ್ಕೆ.

ಆ ಶೆಡ್ಡಿನಲ್ಲಿ ತಪಾಸಣೆ ನನ್ನ ಕೆಲಸ. ಗೇಟು ದಾಟುವ ಪ್ರತಿ ಮಾಲಿನ ಹಾಳೆಯ ಮೇಲೂ ನನ್ನ ಸಂಖ್ಯೆಯ ಠಸ್ಸೆ ಬೀಳಬೇಕು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ವಾಪಸ್ ಕಳಿಸುತ್ತಿದ್ದೆನಾದ್ದರಿಂದ ಎಲ್ಲದಕ್ಕೂ ಕೊಕ್ಕೆ ಹಾಕುವವಳೆಂದು ಬೆನ್ನ ಹಿಂದೆ ನನ್ನನ್ನು ಕೊಕ್ಕಿ ಅಕ್ಕಾರು ಎನ್ನುತ್ತಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು. ಮೇಲೆ ಸಿಟ್ಟು ತೋರಿಸಿದರೂ ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ, ಈಗ ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಬೆಸುಗೆ ಮಾಡುವವರು ಇಳಕಲ್ಲಿನ ಹಿರಿಯರು, ಎಲ್ಲರಿಗೂ ಚಾಚಾ. ತಂದೆಯ ಸ್ಟವ್ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡು, ಊರೂರು ಸುತ್ತಿ, ಕಡೆಗೆ ಅಲ್ಯೂಮಿನಿಯಂ ಬೆಸುಗೆಯಲ್ಲಿ ನಿಂತವರು. ವಿಮಾನದ ಭಾಗ ಬೆಸೆಯಲು ಅರ್ಹರೆಂಬ ಕಾರ್ಡು ನಮ್ಮಲ್ಲಿ ಇದ್ದದ್ದು ಅವರೊಬ್ಬರ ಬಳಿ. ಅವರು ಅದನ್ನು ಗಳಿಸಿದ ಕಾಲಕ್ಕೆ ಪರೀಕ್ಷೆ ಎಂದರೆ ಬೆಸೆದು ತೋರಿಸುವುದು. ಈಗ ಇಂಗ್ಲಿಷಿನಲ್ಲಿ ಬರೆಯುವ ಪತ್ರಿಕೆಯೂ ಇದೆ. ಚಾಚಾ ಓದಿದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಆ ಕಾರ್ಡು ಒಮ್ಮೆ ಹೋಯಿತೆಂದರೆ ಈ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವರು ಇಳಕಲ್ಲಿನಲ್ಲಿ ಬಸ್ಸು ಹತ್ತುತ್ತಿದ್ದರು, ನಾನು ಹುನಗುಂದದಲ್ಲಿ. ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಚಾಚಾ ಮುಂದಿನ ಹೆಂಗಸರ ಸೀಟೊಂದರ ಮೇಲೆ ತಮ್ಮ ಬುತ್ತಿಯ ಚೀಲ ಇಟ್ಟು, ಯಾರು ಎಷ್ಟು ಬೈದರೂ ಬಿಡದೆ, ನಾನು ಹತ್ತುವವರೆಗೆ ಕಾಯ್ದು ಕೊಡುತ್ತಿದ್ದರು. ನನ್ನನ್ನು ಯವ್ವಾ ಎಂದೇ ಕರೆಯುತ್ತಿದ್ದರು.

ಮೊದಲ ಪೆಟ್ಟಿಗೆಯ ಬೆಸುಗೆ ಗುರುವಾರ ಸಂಜೆ ಮುಗಿಯಿತು. ಶುಕ್ರವಾರ ಮುಂಜಾನೆ ಏಳಕ್ಕೆ, ಶೆಡ್ಡು ಇನ್ನೂ ತಣ್ಣಗಿರುವಾಗ ನಾನು ಸೋರಿಕೆ ಪರೀಕ್ಷೆ ಮಾಡಬೇಕಿತ್ತು. ವಿಧಾನ ಬಹಳ ಸರಳ. ಪೆಟ್ಟಿಗೆಯ ಬಾಯಿಗಳನ್ನೆಲ್ಲ ಮುಚ್ಚಿ, ಹಿಡಿಕೆ ಎಂದು ನಾವು ಕರೆಯುವ ಕ್ಲಾಂಪುಗಳಿಂದ ಮೇಜಿಗೆ ಬಿಗಿದು, ಒಳಗೆ ಹೇಳಿದಷ್ಟು ಒತ್ತಡದಲ್ಲಿ ಗಾಳಿ ತುಂಬಿ ಅರ್ಧ ಗಂಟೆ ಬಿಡಬೇಕು. ಮಾಪಕದ ಮುಳ್ಳು ಇಳಿಯಬಾರದು. ಬೆಸುಗೆಯ ಗುಂಟ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮೊದಲಿಗೂ ಕೊನೆಗೂ ಪೆಟ್ಟಿಗೆಯ ಮೈಯ ಉಷ್ಣಾಂಶ ಬರೆಯಬೇಕು. ಎರಡರ ನಡುವೆ ಎರಡು ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಆ ಪರೀಕ್ಷೆ ರದ್ದು, ತಣಿಸಿ ಮತ್ತೆ ಮಾಡಬೇಕು.

ಮುಂಜಾನೆ ಗಾಳಿ ತುಂಬುತ್ತಿದ್ದಂತೆಯೇ ಮಾಪಕದ ಬುಡದಲ್ಲಿ ಬುಸ್ ಎಂದಿತು. ಅಲ್ಲಿಯ ರಬ್ಬರ್ ವಾಷರ್ ಹರಿದಿತ್ತು. ಆ ಅಳತೆಯದು ನಮ್ಮ ಸ್ಟೋರಿನಲ್ಲಿ ಇರಲಿಲ್ಲ. ಹಳೇ ಬಾಗಲಕೋಟೆಯ ಪೇಟೆಗೆ ಒಬ್ಬರನ್ನು ಕಳಿಸಿದೆವು. ಅಂಗಡಿ ತೆರೆಯುವುದು ಹತ್ತಕ್ಕೆ, ಅವರು ತಂದದ್ದು ಒಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಪಾಲು, ದೊಡ್ಡದು, ಮತ್ತೆ ಓಡಿದರು. ವಾಷರ್ ಕೂರಿಸಿ, ಗಾಳಿ ತುಂಬಿ, ಗಡಿಯಾರ ನೋಡಿದಾಗ ಹನ್ನೆರಡೂಕಾಲು.

ಅವಸರ ಯಾಕೆ ಎಂದರೆ, ಅಂದು ಮಧ್ಯಾಹ್ನ ಎರಡಕ್ಕೆಲ್ಲ ಅಮಾವಾಸ್ಯೆ ಹಿಡಿಯುತ್ತಿತ್ತು. ಶೆಡ್ಡಿನ ಮಾಲೀಕರಾದ ನಮ್ಮ ಸಾಹುಕಾರರು ಬೇವೂರಿನವರು, ಬೀರಪ್ಪನ ಒಕ್ಕಲು. ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬೀರಪ್ಪನ ಗುಡಿಗೆ ಹೋಗುತ್ತಾರೆ. ಅಂದು ಹೊಸ ಮಾಲು ಗೇಟು ದಾಟಬಾರದು ಎಂಬುದು ಅವರ ತಂದೆ ಒಂದೇ ಲೇತು ಇಟ್ಟುಕೊಂಡಿದ್ದ ಕಾಲದಿಂದ ಬಂದ ಕಟ್ಟು. ಶನಿವಾರ ಅಮಾವಾಸ್ಯೆ, ಭಾನುವಾರ ರಜೆ, ಸೋಮವಾರ ಮುಂಜಾನೆ ಕಂಪನಿಯವರಿಗೆ ಪೆಟ್ಟಿಗೆ ಟ್ಯಾಂಕಿನ ಮೇಲೆ ಕೂತಿರಬೇಕು. ಮಾಲು ಒಯ್ಯಲು ಗೇಟಿನಲ್ಲಿ ಜೀಪು ನಿಂತಿತ್ತು. ಸಾಹುಕಾರರು ಮೊದಲ ವಿಮಾನದ ಮಾಲು ಎಂದು ಕಾಯಿ, ಕರ್ಪೂರ, ಲಿಂಬೆಹಣ್ಣು ಹಿಡಿದು ನಾಲ್ಕು ಸಲ ಒಳಗೆ ಬಂದು ನನ್ನ ಮುಖ ನೋಡಿ ಹೋದರು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಹೇಳಿದ್ದರೆ ಬಹುಶಃ ನನಗೆ ಹಟ ಬರುತ್ತಿತ್ತು.

ಹನ್ನೆರಡೂವರೆಗೆ ಚಾಚಾ ಕೈಕಾಲು ತೊಳೆದು, ಟೊಪ್ಪಿಗೆ ಹಾಕಿಕೊಂಡು, ಜುಮ್ಮಾ ನಮಾಜಿಗೆ ಹೊರಟವರು ನನ್ನ ಮೇಜಿನ ಬಳಿ ನಿಂತರು.

“ಯವ್ವಾ, ನಾಕನೇ ಬಾಯಿ ಹತ್ರ ನಿನ್ನೆ ನಡುವ ಕರೆಂಟ್ ಹೋಗಿ ಕೈ ತಡೀತು. ಮತ್ತ ಹಚ್ಚಿ ಮುಗಿಸೀನಿ, ಆದ್ರ ನಂಗ ಸಮಾಧಾನಿಲ್ಲ. ಹಿಡಿಕಿ ಬಿಚ್ಚಿ ಅಲ್ಲೊಂದೀಟು ಸಾಬೂನು ನೀರು ಹಚ್ಚಿ ನೋಡು.”

ಅಲ್ಯೂಮಿನಿಯಂ ಬೆಸುಗೆ ನಡುವೆ ನಿಂತರೆ ನಿಂತ ಜಾಗದಲ್ಲಿ ಸಣ್ಣ ಗುಳಿ ಬೀಳುತ್ತದೆ, ಗುಳಿಯ ತಳದಲ್ಲಿ ಸೂಜಿ ಮೊನೆಯಂಥ ರಂಧ್ರ ಉಳಿಯಬಹುದು. ಯಾವ ಬೆಸುಗೆಯವನಿಗೂ ಆಗುವಂಥದ್ದು. ಸಿಕ್ಕರೆ ಉಜ್ಜಿ ತೆಗೆದು ಮತ್ತೆ ತುಂಬಲು ಹತ್ತು ನಿಮಿಷ ಸಾಕು. ನಮ್ಮ ಶೆಡ್ಡಿನಲ್ಲಿ ಇಂಥ ಮಾತು ಬಾಯಿಯಿಂದ ಬಾಯಿಗೇ ನಡೆಯುತ್ತಿತ್ತು, ಯಾರೂ ಬರೆದಿಡುತ್ತಿರಲಿಲ್ಲ. ನಾನು ಆಗಲಿ ಎಂದೆ, ಚಾಚಾ ಹೋದರು.

ನಾಲ್ಕನೇ ಬಾಯಿ ಇದ್ದದ್ದು ಹಿಡಿಕೆಯ ಕೆಳಗೆ. ಅದನ್ನು ನೋಡಬೇಕಾದರೆ ಗಾಳಿ ಬಿಟ್ಟು, ಹಿಡಿಕೆ ಬಿಚ್ಚಿ, ಪೆಟ್ಟಿಗೆ ತಿರುಗಿಸಿ, ಮತ್ತೆ ಬಿಗಿದು, ಮತ್ತೆ ಅರ್ಧ ಗಂಟೆ. ಅಷ್ಟರಲ್ಲಿ ನಮ್ಮ ಚಾವಣಿಯ ಫೈಬರ್ ಹಾಳೆಯಿಂದ ಇಳಿಯುವ ಬಿಸಿಲು ಸರಿಯುತ್ತಾ ಬಂದು ಮೇಜಿನ ಮೇಲೆ ಬಿತ್ತು. ಸಮಯ ಮುಗಿದಾಗ ಮುಳ್ಳು ನೋಡಿದೆ. ಇಟ್ಟಲ್ಲೇ ಇತ್ತು, ಒಂದು ಗೆರೆಯೂ ಆಚೀಚೆ ಇಲ್ಲ. ಉಷ್ಣಾಂಶ ನೋಡಿದೆ, ಮೂವತ್ತೆಂಟು. ಐದು ಡಿಗ್ರಿ ಏರಿತ್ತು. ಪರೀಕ್ಷೆ ರದ್ದು.

ಆಗ ನನ್ನ ತಲೆಯಲ್ಲಿ ನಡೆದ ಲೆಕ್ಕ ಚೆನ್ನಾಗಿ ನೆನಪಿದೆ. ಮುಳ್ಳು ಇಳಿದಿಲ್ಲ, ಅಂದರೆ ಸೋರಿಲ್ಲ, ಅಂದರೆ ಬಿಸಿಲಿನ ಈ ಅಂಕಿ ಬರೀ ಕಾಗದದ ಕಟ್ಟಳೆ. ಸಾಹುಕಾರರು ಐದನೇ ಸಲ ಬಾಗಿಲಲ್ಲಿ ಬಂದು ನಿಂತರು. ನಾನು ಎರಡನೇ ಚೌಕದಲ್ಲಿ ಮೂವತ್ತಮೂರು ಎಂದು ಬರೆದು ಠಸ್ಸೆ ಒತ್ತಿದೆ. ಕಾಯಿ ಒಡೆದರು, ಜೀಪು ಹೋಯಿತು. ಎರಡಕ್ಕೆ ಚಾಚಾ ಬಂದು ಆ ಬಾಯಿ ನೋಡಿದೆಯಾ ಎಂದು ಕೇಳಿದರು. ನೋಡಿದೆ, ಚಲೋ ಐತ್ರಿ ಎಂದೆ. ಒಂದು ಸುಳ್ಳನ್ನು ಬರೆದ ಮೇಲೆ ಇನ್ನೊಂದನ್ನು ಹೇಳಲು ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ.

ಹತ್ತು ಹನ್ನೆರಡು ದಿನಗಳ ಮೇಲೆ ಕಂಪನಿಯಿಂದ ಎರಡು ಚಿತ್ರಗಳು ಬಂದವು. ಟ್ಯಾಂಕಿಗೆ ಇಂಧನ ತುಂಬಿ ನಿಲ್ಲಿಸಿದ್ದರು. ಒಂದರಲ್ಲಿ, ಬರಿಗಣ್ಣಿಗೆ ಕಾಣುವಂತೆ, ಎಲ್ಲ ಸರಿಯಾಗಿಯೇ ಇತ್ತು. ಪಕ್ಕದ ಮೇಜಿನಲ್ಲಿ ಇನ್‌ಫ್ರಾರೆಡ್ ಸಂವೇದಕದ ಕೆಲಸ ಮಾಡುತ್ತಿದ್ದವರು ತಮ್ಮ ಕ್ಯಾಮೆರಾವನ್ನು ಸುಮ್ಮನೆ ಟ್ಯಾಂಕಿನ ಕಡೆ ತಿರುಗಿಸಿ ನೋಡಿದ್ದಾರೆ. ಬಿಸಿಯೆಲ್ಲ ಬೆಳ್ಳಗೆ, ತಂಪೆಲ್ಲ ಕಪ್ಪಗೆ ಕಾಣುವ ಆ ಚಿತ್ರದಲ್ಲಿ ನಮ್ಮ ಪೆಟ್ಟಿಗೆಯ ನಾಲ್ಕನೇ ಬಾಯಿಯಿಂದ ಕೆಳಕ್ಕೆ ಒಂದು ಕಪ್ಪು ಕಲೆ ಇಳಿದಿತ್ತು. ಒಸರಿದ ಇಂಧನ ಆರುತ್ತಾ ಆ ಜಾಗವನ್ನು ತಂಪು ಮಾಡಿತ್ತು. ಒಂದೆರಡು ದಿನದಲ್ಲಿ ಅದು ತಾಗಿದ ಕಡೆಯೆಲ್ಲ ರಾಡಾರಿನ ಲೇಪ ಉಬ್ಬಿ ಎದ್ದಿತ್ತು. ಇಡೀ ಟ್ಯಾಂಕಿನ ಲೇಪ ಕೆರೆದು ತೆಗೆಯಬೇಕು, ಪ್ರಯೋಗ ನಿಂತಿದೆ ಎಂದು ಬರೆದಿದ್ದರು. ನಾನು ಆ ಚಿತ್ರವನ್ನು ಎರಡನೇ ಸಲ ನೋಡಲಿಲ್ಲ.

ತನಿಖೆಗೆ ಕಂಪನಿಯ ಎಂಜಿನಿಯರ್ ಬಂದರು. ಮೈಸೂರು ಕಡೆಯವರು, ಮೃದು ಮಾತು. ಸಾಹುಕಾರರು ಅವರನ್ನು ಮೊದಲ ದಿನವೇ ಬಾದಾಮಿಗೆ ಕರೆದೊಯ್ದು, ಗುಹೆ ತೋರಿಸಿ, ಎಣಗಾಯಿ ರೊಟ್ಟಿ ಉಣ್ಣಿಸಿ, ಬರುವಾಗ ಶಿವಯೋಗ ಮಂದಿರಕ್ಕೂ ಹೋಗಿ ಕೈಮುಗಿಸಿ ತಂದರು. ರೊಟ್ಟಿಗೆ ಕರಗುವ ಆಸಾಮಿ ಅವರಾಗಿರಲಿಲ್ಲ. ಮರುದಿನ ಹನ್ನೆರಡೂಕಾಲಿಗೆ, ಚಾಚಾ ಬೆಸೆದ ಎರಡನೇ ಪೆಟ್ಟಿಗೆಯನ್ನು ನನ್ನ ಕೈಯಲ್ಲೇ, ತಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಲು ಕೂತರು. ಚಾಚಾ, ಸಾಹುಕಾರರು, ಲೇತಿನವರು ಸುತ್ತ ನಿಂತರು.

ಹನ್ನೆರಡೂವರೆ ದಾಟುತ್ತಿದ್ದಂತೆ ಅದೇ ಬಿಸಿಲು ಅದೇ ಮೇಜಿನ ಮೇಲೆ ಬಂದು ಕೂತಿತು. ನಾನು ಮುಳ್ಳು ನೋಡುತ್ತಿದ್ದೆ. ಅದು ಏರತೊಡಗಿತು. ಮೊದಲು ಅರ್ಧ ಗೆರೆ, ಆಮೇಲೆ ಒಂದು, ಆಮೇಲೆ ಎರಡು. ಎಂಜಿನಿಯರ್ ತಲೆಯಾಡಿಸಿದರು. ಬಿಸಿಯಾದ ಗಾಳಿ ಹಿಗ್ಗುತ್ತದೆ, ಪೆಟ್ಟಿಗೆ ಗಟ್ಟಿಯಿದ್ದರೆ ಮುಳ್ಳು ಏರಲೇಬೇಕು, ನಿಯಮದಂತೆ ಈ ಪರೀಕ್ಷೆ ರದ್ದಾದರೂ ಬೆಸುಗೆ ಚೆನ್ನಾಗಿದೆ ಎಂಬುದಂತೂ ಕಾಣುತ್ತಿದೆ ಎಂದರು.

ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಗಾಲಿ ಬಿಗಿಯಾಗುವುದು ಹುನಗುಂದದ ಸಣ್ಣ ಮಕ್ಕಳಿಗೂ ಗೊತ್ತು. ಡಿಪ್ಲೊಮಾ ಮಾಡಿದವಳಿಗೆ ಹೊಳೆದಿರಲಿಲ್ಲ. ಆ ಶುಕ್ರವಾರ ಮುಳ್ಳು ಏರಬೇಕಿತ್ತು. ಬಿಸಿಲು ಎಷ್ಟು ಏರಿಸಿತೋ ಅಷ್ಟನ್ನು ಆ ರಂಧ್ರ ಹೊರಗೆ ಬಿಟ್ಟಿತ್ತು, ಅದಕ್ಕೇ ಮುಳ್ಳು ಅಲುಗಾಡದೆ ನಿಂತಿತ್ತು. ನಾನು ಸೋರಿಕೆಯನ್ನು ಅರ್ಧ ಗಂಟೆ ಎದುರಿಗೇ ಕೂತು ನೋಡಿ, ಸೋರಿಲ್ಲ ಎಂದು ಠಸ್ಸೆ ಒತ್ತಿದ್ದೆ.

ಎಂಜಿನಿಯರ್ ನನ್ನ ಹಳೆಯ ಹಾಳೆ ತೆಗೆದರು. ಮೊದಲೂ ಮೂವತ್ತಮೂರು, ಕೊನೆಗೂ ಮೂವತ್ತಮೂರು, ಮುಳ್ಳು ಸ್ಥಿರ. ಅಂದರೆ ಇಲ್ಲಿಂದ ಹೋಗುವಾಗ ಪೆಟ್ಟಿಗೆ ಗಟ್ಟಿಯಾಗಿತ್ತು. ಆಮೇಲೆ ಬೆಸುಗೆ ಬಾಯಿಬಿಟ್ಟಿದೆ. ಹಾಗೆ ಬಾಯಿಬಿಡುವ ಬೆಸುಗೆ ಎಂದರೆ ಬೆಸೆದವರ ಕೈಯ ದೋಷ ಎಂದರು. ನನ್ನ ಎರಡನೇ ಮೂವತ್ತಮೂರು ಚಾಚಾನ ಮೇಲೆ ಸಾಕ್ಷಿ ಹೇಳುತ್ತಿತ್ತು.

ಚಾಚಾ ಮುಂದೆ ಬಂದರು. ಕರೆಂಟು ಹೋದದ್ದು, ಕೈ ತಡೆದದ್ದು, ನಮಾಜಿಗೆ ಹೋಗುವಾಗ ಹೇಳಿಹೋದದ್ದು, ಎಲ್ಲವನ್ನೂ ಹೇಳಿದರು. “ಅಕಿನ್ನ ಕೇಳ್ರಿ ಸಾಹೇಬ್ರ, ಅಕಿ ಸುಳ್ಳು ಹೇಳಂಗಿಲ್ಲ” ಎಂದು ನನ್ನ ಕಡೆ ಕೈ ತೋರಿಸಿದರು.

ಎಂಜಿನಿಯರ್ ನನ್ನತ್ತ ತಿರುಗಿ, “ಇವರು ನಿಮಗೆ ಹೇಳಿದ್ದು ನೆನಪಿದೆಯಾ ಮೇಡಂ?” ಎಂದು ಕೇಳಿದರು.

“ನೆನಪಿಲ್ಲ ಸರ್” ಎಂದೆ.

ಇದನ್ನು ಗಾಬರಿಯಲ್ಲಿ ಬಾಯಿತಪ್ಪಿ ಬಂತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ. ಠಸ್ಸೆ ಹೋಗುತ್ತದೆ, ಕೊಕ್ಕಿ ಅಕ್ಕಾರ ಗತಿ ನೋಡಿ ಎಂದು ಲೇತಿನವರು ನಗುತ್ತಾರೆ ಎಂಬ ಎರಡನ್ನೂ ಯೋಚಿಸಿಯೇ ಹೇಳಿದೆ. ಹೇಳುವಾಗ ಚಾಚಾನ ಮುಖವನ್ನು ನೋಡುತ್ತಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ, ಮೊದಲು ಏನೂ ಅರ್ಥವಾಗಲಿಲ್ಲ. ಅದೇ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎಂಜಿನಿಯರ್ ಅವರ ಕಾರ್ಡನ್ನು ಕೇಳಿ ಪಡೆದು, ಲಕೋಟೆಯಲ್ಲಿ ಹಾಕಿಕೊಂಡು ಹೋದರು.

ಮರುದಿನ ಬಸ್ಸಿನಲ್ಲಿ ಮುಂದಿನ ಸೀಟಿನ ಮೇಲೆ ಚೀಲ ಇರಲಿಲ್ಲ. ಬುತ್ತಿಚೀಲ ತೊಡೆಯ ಮೇಲಿಟ್ಟುಕೊಂಡು ಚಾಚಾ ಕಿಟಕಿಯ ಆಚೆ ನೋಡುತ್ತಿದ್ದರು. ಬಾಗಲಕೋಟೆಯವರೆಗೂ ನಾನು ಕಂಬಿ ಹಿಡಿದು ನಿಂತೇ ಬಂದೆ. ಇಳಿಯುವಾಗ ಬಾಗಿಲಲ್ಲಿ ಅಡ್ಡವಾದೆನೆಂದು ಕಾಣುತ್ತದೆ, “ಸ್ವಲ್ಪ ಸರೀರಿ ಮೇಡಂ” ಎಂದರು. ಅವರ ಬಾಯಲ್ಲಿ ನಾನು ಬಹುವಚನವಾದದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಶೆಡ್ಡಿನಲ್ಲಿ ಅವರನ್ನು ಕಿಟಕಿಯ ಕಬ್ಬಿಣದ ಸರಳು ಬೆಸೆಯಲು ಹಾಕಿದರು. ಪರದೆ ಕಟ್ಟಿದ ಮೂಲೆ ಖಾಲಿಯಾಯಿತು. ನಾಲ್ಕು ದಿನ ಅವರು ಸರಳು ಬೆಸೆದರು, ಐದನೇ ದಿನದಿಂದ ಬರುವುದನ್ನು ಬಿಟ್ಟರು. ನಾನು ಊಟದ ಡಬ್ಬಿ ಮುಚ್ಚಿ ತರುತ್ತಿದ್ದೆ, ಮುಚ್ಚಿಯೇ ಒಯ್ಯುತ್ತಿದ್ದೆ. ನಾಳೆ ಹೇಳುತ್ತೇನೆ, ಸಾಹುಕಾರರು ಒಬ್ಬರೇ ಇದ್ದಾಗ ಹೇಳುತ್ತೇನೆ ಎಂದುಕೊಳ್ಳುತ್ತಾ ಒಂದು ವಾರ ಹಾಗೇ ಸರಿಸಿದೆ.

ಆ ವಾರದ ಕೊನೆಗೆ ತನಿಖೆಯ ವರದಿ ಬಂತು, ಇಂಗ್ಲಿಷಿನಲ್ಲಿ. ಬೆಸುಗೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಅರ್ಥವಾಯಿತೆಂದು ಸಹಿ ಪಡೆದು ಕಳಿಸಬೇಕು, ಆಮೇಲೆ ಕಾರ್ಡು ಪೂರ್ತಿ ರದ್ದಾಗುತ್ತದೆ. ಹುನಗುಂದಕ್ಕೂ ಇಳಕಲ್ಲಿಗೂ ಎಷ್ಟರ ದೂರ, ಭಾನುವಾರ ಹೋಗಿ ಸಹಿ ಮಾಡಿಸಿಕೊಂಡು ಬಂದುಬಿಡಿ ಎಂದು ಸಾಹುಕಾರರು ಆ ಕಾಗದವನ್ನು ನನ್ನ ಕೈಗೇ ಕೊಟ್ಟರು.

ಹೋದೆ. ಓಣಿಯಲ್ಲಿ ಆಚೀಚಿನ ಮನೆಗಳಲ್ಲಿ ಮಗ್ಗ ನಡೆದಿದ್ದವು. ಚಾಚಾ ಕಟ್ಟೆಯ ಮೇಲೆ ಕೂತಿದ್ದರು. ಒಳಗೆ ಕರೆದು ಚಾಪೆ ಹಾಸಿದರು, ಅವರ ಮನೆಯವರು ನೀರು ತಂದಿಟ್ಟು ಬಾಗಿಲಲ್ಲಿ ನಿಂತರು. ಯಾಕೆ ಬಂದೆ ಎಂದು ಹೇಳಿದೆ. ಓದ್ರಿ ಎಂದರು.

ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಪೆಟ್ಟಿಗೆಯ ಅಳತೆ, ಬೆಸುಗೆಯ ದಿನ, ಸೋರಿಕೆಯ ಜಾಗ. ಮೂರನೇ ಪ್ಯಾರಾಕ್ಕೆ ಬಂದಾಗ ನಿಲ್ಲಿಸಿದೆ. ಅಲ್ಲಿ ಹೀಗಿತ್ತು: ಮುಂಚಿತವಾಗಿ ತಪಾಸಣೆಯವರಿಗೆ ತಿಳಿಸಿದ್ದೆನೆಂದು ಬೆಸುಗೆಯವನು ಹೇಳುತ್ತಾನೆ, ಇದಕ್ಕೆ ಆಧಾರವಿಲ್ಲ, ಹೊಣೆಯಿಂದ ಪಾರಾಗಲು ಹೇಳಿದ ಮಾತಿನಂತೆ ಕಾಣುತ್ತದೆ. ನಾನು ಆ ಪ್ಯಾರಾವನ್ನೇ ಬಿಟ್ಟು ನಾಲ್ಕನೆಯದನ್ನು ಓದಿ ಮುಗಿಸಿದೆ. ಚಾಚಾ ಕನ್ನಡಕ ಏರಿಸಿಕೊಂಡು, ಪೆನ್ನು ತೆಗೆದುಕೊಂಡು, ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು. ಬೆರಳಿಟ್ಟು ತೋರಿಸಿದೆ. ಪೆನ್ನನ್ನು ಕಾಗದಕ್ಕೆ ತಾಗಿಸಿದವರು ನಿಲ್ಲಿಸಿ ನನ್ನ ಮುಖ ನೋಡಿದರು.

“ಇಷ್ಟ ಬರದಾರೇನ್ರಿ? ನಾ ನಿಮಗ ಹೇಳಿದ್ನಲ್ಲ, ಅದನ್ನೇನೂ ಬರದಿಲ್ಲೇನು?”

ಇಲ್ಲ ಎಂದಿದ್ದರೆ ಅವರು ಸಹಿ ಮಾಡುತ್ತಿದ್ದರು. ಎಲ್ಲವೂ ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಅವರು ನಾನು ಓದಿದ್ದನ್ನೇ ನಂಬಿ ಪೆನ್ನು ಹಿಡಿದಿದ್ದರು. ನನಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬೇಕು ಅನಿಸುವಷ್ಟು ನಾಚಿಕೆಯಾಯಿತು.

“ಬರದಾರ್ರಿ ಚಾಚಾ. ನೀವು ತಪ್ಪಿಸಿಕೊಳ್ಳಾಕ ಸುಳ್ಳು ಹೇಳೀರಿ ಅಂತ ಬರದಾರ. ನಾ ಅದನ್ನ ಓದ್ಲಿಲ್ಲ. ಸಹಿ ಮಾಡಬ್ಯಾಡ್ರಿ. ನೀವು ಹೇಳಿದ್ದು ನನಗ ನೆನಪೈತಿ.”

“ಅವತ್ತೂ ನೆನಪಿತ್ತಲ್ರಿ?”

“ಇತ್ರಿ.”

ಅವರು ಪೆನ್ನಿನ ಟೊಪ್ಪಿಗೆ ಹಾಕಿ ಕೆಳಗಿಟ್ಟರು. ಬಿಸಿಲಿನ ಅಂಕಿಯ ಸುಳ್ಳನ್ನೂ, ಹಿಡಿಕೆ ಬಿಚ್ಚದೆ ಬಿಟ್ಟದ್ದನ್ನೂ ಹೇಳಿದೆ. ಬಾಗಿಲಲ್ಲಿದ್ದ ಅವರ ಮನೆಯವರು ಒಳಗೆ ಹೋದರು. ಚಾಚಾ, “ಮಗಳ ಬೀಗ್ರು ಕೇಳಿದ್ರು, ಕಾರ್ಡ್ ಯಾಕ ಕಸಗೊಂಡ್ರು ಅಂತ. ಕೈ ಕೆಟ್ಟೈತಿ ಅಂತ ಹೇಳಿದ್ನಿ ನಾ. ಖರೇನ ಕೆಟ್ಟೈತೇನೋ ಅಂತ ನನಗೂ ಅನಸಾಕ ಹತ್ತಿತ್ತು” ಎಂದರು. ಆಮೇಲೆ ಚಹಾ ಕುಡಿದು ಹೋಗಿ ಎಂದು ಹೇಳಿ ಎದ್ದು ಹೊರಗೆ ಹೋದರು. ಬಂದ ಚಹಾವನ್ನು ನಾನೊಬ್ಬಳೇ ಕೂತು ಕುಡಿದೆ, ಬಿಟ್ಟು ಏಳುವುದು ಇನ್ನೂ ಅಪಮಾನ ಮಾಡಿದಂತೆ ಎನಿಸಿತು.

ಸೋಮವಾರ ಹಾಳೆ ತೆಗೆದೆ. ಇಂಥ ಹಾಳೆಯ ಮೇಲೆ ತಪ್ಪನ್ನು ತಿದ್ದಲು ಒಂದೇ ದಾರಿ. ಅಳಿಸುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ. ತಪ್ಪು ಅಂಕಿಯ ಮೇಲೆ ಒಂದೇ ಗೆರೆ ಎಳೆಯಬೇಕು, ಅಡಿಯಲ್ಲಿ ಅದು ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಿದ್ದಿದ ದಿನದ ತಾರೀಖು. ಮೂವತ್ತಮೂರರ ಮೇಲೆ ಗೆರೆ ಎಳೆದು ಮೂವತ್ತೆಂಟು ಎಂದು ಬರೆದೆ. ಕಾರಣದ ಜಾಗದಲ್ಲಿ, ಅಂದು ನೋಡಿದ ಅಂಕಿಯನ್ನು ಬೇಕೆಂದೇ ಬರೆದಿರಲಿಲ್ಲ ಎಂದೆ. ಕೆಳಗೆ, ನಾಲ್ಕನೇ ಬಾಯಿಯ ಬಗ್ಗೆ ಬೆಸುಗೆಯವರು ನನಗೆ ಮೊದಲೇ ತಿಳಿಸಿದ್ದರು, ನಾನು ಅದನ್ನು ನೋಡಲಿಲ್ಲ, ತನಿಖೆಯಲ್ಲಿ ಸುಳ್ಳು ಹೇಳಿದೆ ಎಂದು ಇನ್ನೊಂದು ಸಾಲು.

ಸಾಹುಕಾರರು ಓದಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಇದು ಹೋದರೆ ಕೆಲಸವೇ ಕೈಬಿಟ್ಟು ಹೋಗಬಹುದು, ಶೆಡ್ಡಿನ ಹೆಸರು ಕೆಡುತ್ತದೆ, ಚಾಚಾಗೆ ಬೇರೆ ಕೆಲಸ ಕೊಟ್ಟು ಚೆನ್ನಾಗಿ ನೋಡಿಕೊಂಡರೆ ಸಾಲದೇ ಎಂದು ಕೇಳಿದರು. ಸಾಲದು ಎಂದೆ. ಅವರು ಎದ್ದು ಶೆಡ್ಡಿನ ತುಂಬ ಒಂದು ಸುತ್ತು ಹಾಕಿದರು, ಖಾಲಿ ಮೂಲೆಯ ಪರದೆ ಸರಿಸಿ ಒಳಗೆ ನೋಡಿದರು. ತಿರುಗಿ ಬಂದು, “ಅಮಾಸಿ ಅಮಾಸಿ ಅಂತ ನಿಮ್ಮ ತಲಿ ಮ್ಯಾಲ ನಿಂತಾವ ನಾನಲ್ಲೇನ್ರಿ ಅಕ್ಕಾರ. ಅದನ್ನೂ ಬರೀರಿ” ಎಂದರು. ನಾನು ಬರೆಯಲಿಲ್ಲ. ಅವರು ಬಾಗಿಲಲ್ಲಿ ನಿಂತದ್ದು ನಿಜ, ಪೆನ್ನು ಹಿಡಿದವಳು ನಾನು. ಅವರು ಕೆಳಗೆ ಸಹಿ ಮಾಡಿದರು, ಹಾಳೆ ಅಂದೇ ಹೋಯಿತು.

ಎಂಜಿನಿಯರ್ ಫೋನಿನಲ್ಲಿ ಠಸ್ಸೆಯನ್ನು ಅಂಚೆಯಲ್ಲಿ ಕಳಿಸಿಕೊಡಿ ಎಂದಷ್ಟೇ ಹೇಳಿದರು. ಕಳಿಸಿದೆ. ಕೆಲಸ ಕೈಬಿಡಲಿಲ್ಲ. ಆದರೆ ಮುಂದಿನ ಪ್ರತಿ ಪರೀಕ್ಷೆಗೂ ಅವರ ಮನುಷ್ಯ ಬಂದು ಕೂರುವಂತಾಯಿತು. ಮೊದಲ ಪೆಟ್ಟಿಗೆ ವಾಪಸ್ ಬಂತು, ಅದರ ಹಿಂದೆಯೇ ಚಾಚಾನ ಕಾರ್ಡೂ ಬಂತು. ಕೆಲಸಕ್ಕೆ ಮರಳಿದ ಚಾಚಾ ನಾಲ್ಕನೇ ಬಾಯಿಯ ಆ ಜಾಗ ಉಜ್ಜಿ ತೆಗೆದು ಮತ್ತೆ ತುಂಬಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಮುಂಜಾನೆ ಏಳಕ್ಕೆ, ತಣ್ಣನೆಯ ಶೆಡ್ಡಿನಲ್ಲಿ, ಕಂಪನಿಯಿಂದ ಬಂದವರು ಹಿಡಿಕೆ ಬಿಚ್ಚಿ ತಿರುಗಿಸಿ ಪರೀಕ್ಷೆ ಮಾಡಿದರು. ನಾನು ದೂರದಲ್ಲಿ ನಿಂತು ನೋಡಿದೆ. ಆ ಟ್ಯಾಂಕು ಯಾವ ವಿಮಾನದ ರೆಕ್ಕೆಗೆ ಹೋಯಿತು, ಹಾರಿತೋ ಇಲ್ಲವೋ, ನನಗೆ ಗೊತ್ತಿಲ್ಲ.

ಈಗ ನಾನು ಅದೇ ಶೆಡ್ಡಿನಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ತಪಾಸಣೆಗೆ ಬಿಜಾಪುರ ಕಡೆಯ ಒಬ್ಬರು ಬಂದಿದ್ದಾರೆ. ಚಾಚಾ ಬಾಯಿಮಾತನ್ನು ಪೂರ್ತಿ ನಿಲ್ಲಿಸಿದ್ದಾರೆ. ಬೆಸುಗೆಯ ನಡುವೆ ಎಲ್ಲಿಯಾದರೂ ಕೈ ತಡೆದರೆ, ಕೈಗವಸು ಕಳಚಿ ನೇರ ನನ್ನ ಮೇಜಿಗೆ ಬರುತ್ತಾರೆ. ಅವರು ಹೇಳುತ್ತಾರೆ, ನಾನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ. “ಓದ್ರಿ ಮೇಡಂ” ಎನ್ನುತ್ತಾರೆ. ಓದುತ್ತೇನೆ. ಕೊನೆಯವರೆಗೆ ಕೇಳಿ, ಚೀಟಿ ತೆಗೆದುಕೊಂಡು ತಪಾಸಣೆಯವರ ಮೇಜಿಗೆ ಹೋಗುತ್ತಾರೆ. ಅಲ್ಲಿ ಅದೇ ಚೀಟಿಯನ್ನು ಅವರ ಕೈಗೆ ಕೊಟ್ಟು ಇನ್ನೊಮ್ಮೆ ಓದಿಸುತ್ತಾರೆ. ನಾನು ಓದಿದ್ದೂ ಅವರು ಓದಿದ್ದೂ ಒಂದೇ ಆದರೆ ಮಾತ್ರ ಚಾಚಾ ಸಹಿ ಮಾಡುತ್ತಾರೆ. ತಪಾಸಣೆಯ ಮೇಜು ನನ್ನದರಿಂದ ನಾಲ್ಕು ಹೆಜ್ಜೆ ದೂರ, ಓದುವುದು ನನಗೆ ಕೂತಲ್ಲೇ ಕೇಳಿಸುತ್ತದೆ.